ಕಾವ್ಯದಿಂದ ನಾಟಕ: ಸಾಲವೋ, ಸೃಷ್ಟಿಯೋ?

ಹಳೆಯ ಕಾವ್ಯವೊಂದನ್ನು ಆಶ್ರಯಿಸಿ ನಾಟಕ ಬರೆದವನನ್ನು ಕಂಡು, ‘ಇದರಲ್ಲಿ ಇವನ ಸ್ವಂತದ್ದೇನಿದೆ?’ ಎಂದು ಕೆಲವರು ಮೂಗು ಮುರಿಯುವರು. ‘ಮೂಲಕ್ಕೆ ಭಂಗ ತಂದನು’ ಎಂದು ಮತ್ತೆ ಕೆಲವರು ಮುನಿಯುವರು. ಈ ಎರಡು ಆಕ್ಷೇಪಗಳಿಗೆ ಅಂಜಿ ನಮ್ಮ ತರುಣ ನಾಟಕಕಾರರು ಪ್ರಾಚೀನ ಕಾವ್ಯಗಳನ್ನು ಪರೀಕ್ಷೆಯ ಪಾಠವೆಂದು ಬದಿಗಿರಿಸಿದರೆ, ನಷ್ಟವು ಕಾವ್ಯಕ್ಕೂ ಉಂಟು, ರಂಗಭೂಮಿಗೂ ಉಂಟು. ಆದಕಾರಣ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ಹತ್ತನೆಯ ಶತಮಾನದ ಕವಿಯಾದ ರನ್ನನು ‘ಗದಾಯುದ್ಧ’ವನ್ನು ರಚಿಸುವಾಗ ಪಂಪಭಾರತಕ್ಕೂ, ಭಟ್ಟನಾರಾಯಣನ ‘ವೇಣೀಸಂಹಾರ’ವೆಂಬ ಸಂಸ್ಕೃತ ನಾಟಕಕ್ಕೂ ಋಣಿಯಾದನು. ಅಷ್ಟರಿಂದಲೇ ಅವನು ಕವಿಚಕ್ರವರ್ತಿಯಲ್ಲವೆಂದು ಯಾರು ತಾನೆ ಹೇಳಿಯಾರು?

ಅದೇ ಕಾವ್ಯದಿಂದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಅನ್ನು ಹೊರತಂದರು. ಮಾತುಗಳು ಬಹುಮಟ್ಟಿಗೆ ರನ್ನನವೇ. ಆದರೆ ಕಾವ್ಯದಲ್ಲಿ ನಾಯಕನು ಭೀಮ. ಕವಿಯು ತನ್ನ ಒಡೆಯನಾದ ಸತ್ಯಾಶ್ರಯನನ್ನು ಅವನೊಡನೆ ಸಮೀಕರಿಸಿ ಹೊಗಳಿದ್ದಾನೆ. ಗ್ರೀಕರ ರುದ್ರನಾಟಕಗಳಲ್ಲಿ ಪಳಗಿದ ಶ್ರೀಯವರ ದೃಷ್ಟಿಯಾದರೋ ದುರ್ಯೋಧನನ ಮೇಲೆ ನೆಟ್ಟಿತು. ತನ್ನವರ ಹೆಣಗಳ ನಡುವೆ ನಡೆದು, ಶರಶಯ್ಯೆಯ ಭೀಷ್ಮನನ್ನು ಕಂಡು, ಕೊಳದಲ್ಲಿ ಅಡಗಿ, ಕಡೆಗೆ ಛಲವನ್ನು ಬಿಡದೆ ಎದ್ದುಬಂದ ಆ ಅರಸನ ಪಾಡು ರನ್ನನಲ್ಲಿಯೇ ಇದ್ದಿತು. ಅದನ್ನು ನಡುವಿಗೆ ತಂದು, ‘ಈ ಕಥೆ ಯಾರದು?’ ಎಂಬ ಪ್ರಶ್ನೆಯನ್ನು ಎತ್ತಿದುದು ನಾಟಕಕಾರರ ಸ್ವಂತ ಸೃಷ್ಟಿ.

ಕುವೆಂಪು ಅವರು ಇನ್ನೂ ಮುಂದೆ ಹೋದರು. ರಾಮಾಯಣದ ಉತ್ತರಕಾಂಡದಲ್ಲಿ ಶಂಬೂಕನು ರಾಮನ ಕೈಯಿಂದ ಹತನಾಗುತ್ತಾನೆ. 1944ರ ‘ಶೂದ್ರ ತಪಸ್ವಿ’ಯಲ್ಲಿಯಾದರೋ ಅಸ್ತ್ರವು ತಪಸ್ವಿಯನ್ನು ಮುಟ್ಟದೆ, ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ; ಅವನು ಶಂಬೂಕನಿಗೆ ತಲೆಬಾಗಿದ ಮೇಲೆಯೇ ಅವನಿಗೆ ಬಿಡುಗಡೆ. ಪುರಾಣವನ್ನು ಹೀಗೆ ಮಾರ್ಪಡಿಸುವುದು ಸಲ್ಲದೆಂದು ಮಾಸ್ತಿಯವರಂಥ ಹಿರಿಯರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾವು ಹಗುರವೆಂದು ತಳ್ಳಿಹಾಕುವುದಿಲ್ಲ. ಜನರು ತಲೆತಲಾಂತರದಿಂದ ನಂಬಿಬಂದ ಕಥೆಗೆ ಕೈಯಿಡುವಾಗ ಕೈ ನಡುಗಬೇಕು. ಆದರೂ ಮೂಲಗ್ರಂಥದ ಒಂದಕ್ಷರವೂ ಇದರಿಂದ ಅಳಿಸಿಹೋಗಲಿಲ್ಲ. ಅನೇಕರು ಮನಸ್ಸಿನಲ್ಲಿಯೇ ನುಂಗಿಕೊಂಡಿದ್ದ ಸಂದೇಹವು ರಂಗದ ಮೇಲೆ ಗಟ್ಟಿಯಾಗಿ ಕೇಳಿಬಂದಿತು, ಅಷ್ಟೆ.

ಪದ್ಯಗಳನ್ನು ಹಂಚಿಕೊಟ್ಟು, ವೇಷ ತೊಡಿಸಿ, ಪಾತ್ರಗಳಿಂದ ಹೇಳಿಸಿದ ಮಾತ್ರಕ್ಕೆ ನಾಟಕವಾಗದು. ಕಾವ್ಯವು ವರ್ಣಿಸಿ ಮುಂದೆ ಸಾಗಬಹುದು. ರಂಗದ ಮೇಲೆ ಒಂದು ಸಂಕಲ್ಪವು ಮತ್ತೊಂದು ಸಂಕಲ್ಪವನ್ನು ಇದಿರಿಸಿ ನಿಲ್ಲಬೇಕು. ಮಾತನ್ನು ಎರವಲು ತಂದವನು ಅದಕ್ಕೆ ಕ್ರಿಯೆಯನ್ನು ಕೂಡಿಸಲಿ. ಕಥೆಯನ್ನು ಎರವಲು ತಂದವನು ತನ್ನದೊಂದು ಪ್ರಶ್ನೆಯನ್ನು ತರಲಿ. ಎರಡನ್ನೂ ತರದವನು ಬರಿಯ ನಕಲುಗಾರ.

ಆದುದರಿಂದ ನಮ್ಮ ತರುಣರಲ್ಲಿ ನಮ್ಮ ವಿನಂತಿ ಇಷ್ಟೆ: ಕಾವ್ಯವನ್ನು ಮೊದಲಿನಿಂದ ಕಡೆಯವರೆಗೆ ಓದಿರಿ, ನಿಮ್ಮ ಮನಸ್ಸು ಒಪ್ಪದೆ ತಡೆದು ನಿಂತ ಸ್ಥಳದಿಂದ ಬರೆಯಲು ತೊಡಗಿರಿ. ನಾಟಕವನ್ನು ಕಂಡ ಪ್ರೇಕ್ಷಕನು ಮನೆಗೆ ಹೋಗಿ ಮೂಲಕಾವ್ಯವನ್ನು ಕೈಗೆತ್ತಿಕೊಂಡನೆಂದರೆ, ಕವಿಯ ಸಾಲವು ಬಡ್ಡಿಸಹಿತ ತೀರಿದಂತೆಯೇ ಸರಿ.