ಡಂಪರ್ ರಿವರ್ಸ್ ಬರುವ ಮುನ್ನ: ಸೈಟಿನಲ್ಲಿ ದುಡಿಯುವವರಿಗೂ ಅವರ ಮನೆಯವರಿಗೂ



ಹೃದಯದ ಡಾಕ್ಟರಿಗೆ ಲಾರಿ, ಡಂಪರ್‌ಗಳ ಉಸಾಬರಿ ಯಾಕೆ ಎಂದು ಕೇಳಬೇಡಿ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಕಟ್ಟಡ, ರಸ್ತೆ, ರೈಲು ಕಾಮಗಾರಿ ನಡೆದೇ ಇದೆ. ನಮ್ಮ ಮನೆಗಳಲ್ಲೂ ಸೈಟ್ ಇಂಜಿನಿಯರ್, ಸೂಪರ್‌ವೈಸರ್, ಗುತ್ತಿಗೆದಾರ, ಚಾಲಕರಿದ್ದಾರೆ.

ಕಳೆದ ಬೇಸಿಗೆಯಲ್ಲಿ ಡಂಪರ್ ಓಡಿಸುವ 46 ವರ್ಷದವರೊಬ್ಬರು ನನ್ನಲ್ಲಿ ಬಂದರು. ಬೆಳಿಗ್ಗೆಯೇ ಎದೆ ಉರಿ, ಬೆವರು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಇನ್ನೂ ಮೂರು ಟ್ರಿಪ್ ಹೊಡೆದಿದ್ದರು. ಇಸಿಜಿ ತೆಗೆದರೆ ಹೃದಯಾಘಾತ! ಪುಣ್ಯಕ್ಕೆ ಉಳಿದುಕೊಂಡರು. ಆ ಮೂರು ಟ್ರಿಪ್‌ನಲ್ಲಿ ಎಲ್ಲಾದರೂ ಸ್ಟೇರಿಂಗ್ ಮೇಲೆ ಕುಸಿದಿದ್ದರೆ, ಗಾಡಿಯ ಹಿಂದೆ ನಿಂತವರ ಗತಿ ಏನು?

2021ರ ಜನವರಿ 19ರ ನೆನಪಿದೆಯೇ? ಸೂರತ್ ಜಿಲ್ಲೆಯ ಕೊಸಂಬಾ ಬಳಿ ಕಬ್ಬಿನ ಟ್ರ್ಯಾಕ್ಟರ್‌ಗೆ ತಾಗಿ ಹತೋಟಿ ತಪ್ಪಿದ ಡಂಪರ್, ರಸ್ತೆ ಬದಿ ಮಲಗಿದ್ದ ಕೂಲಿಕಾರರ ಮೇಲೆ ಹರಿಯಿತು. 15 ಜನ ಹೋದರು. ಹೆಚ್ಚಿನವರು ರಾಜಸ್ಥಾನದಿಂದ, ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಜನ ಎಲ್ಲಿ ಮಲಗುತ್ತಾರೆ ಎಂಬುದೂ ಸುರಕ್ಷತೆಯ ಲೆಕ್ಕಕ್ಕೆ ಸೇರಿದ್ದು.

*ಕೆಲಸ ಶುರುವಾಗುವ ಮೊದಲೇ ಗೊತ್ತು ಮಾಡಿಕೊಳ್ಳಿ:*

1. ಗಾಡಿಗೊಂದು ದಾರಿ, ಜನರಿಗೊಂದು ದಾರಿ. ನಡುವೆ ಅಡ್ಡಗಟ್ಟೆ ಇರಲಿ.
2. ಗಾಡಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವಂತಿರಲಿ. ರಿವರ್ಸ್ ಕಡಿಮೆಯಾದಷ್ಟೂ ಅಪಾಯ ಕಡಿಮೆ.
3. ರಿವರ್ಸ್ ತೆಗೆಯಲೇಬೇಕಾದರೆ ಸಿಗ್ನಲ್ ಕೊಡುವವರು ಒಬ್ಬರೇ. ಅವರು ಕಾಣದಿದ್ದರೆ ಚಾಲಕ ಬ್ರೇಕ್ ಹಾಕಬೇಕು.
4. ನಮ್ಮವರು "ನಿಲ್ಲು" ಎಂದರೆ ಗುಜರಾತಿ ಚಾಲಕನಿಗೆ ತಿಳಿಯದು. ಅವರು "ಊಭಾ ರಹೋ" ಎಂದರೆ ನಮ್ಮವರಿಗೆ ತಿಳಿಯದು. ಕೈಸನ್ನೆಗಳನ್ನು ಮೊದಲೇ ಎಲ್ಲರಿಗೂ ಕಲಿಸಿ.
5. ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುತ್ತಿಲ್ಲ. ಅಲ್ಲಿ ನಿಲ್ಲಬೇಡಿ. ಗಾಡಿಯ ನೆರಳಿನಲ್ಲಿ ಊಟ, ನಿದ್ದೆ ಬೇಡವೇ ಬೇಡ.
6. ಡಂಪರ್ ಬಾಡಿ ಎತ್ತುವ ಮೊದಲು ಮೇಲೆ ಕರೆಂಟ್ ತಂತಿ ಇದೆಯೇ ನೋಡಿ.

*ಚಾಲಕನ ಆರೋಗ್ಯವೂ ಬ್ರೇಕಿನಷ್ಟೇ ಮುಖ್ಯ*

2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 46.8 ಡಿಗ್ರಿ ಬಿಸಿಲಿತ್ತು. ಅಂಥ ಸೆಕೆಯಲ್ಲಿ ನೀರಿನಂಶ ಇಳಿದು ಹೃದಯ ಓಡೋಡಿ ದುಡಿಯಬೇಕಾಗುತ್ತದೆ. ಮಧ್ಯಾಹ್ನದ ಉರಿಬಿಸಿಲಲ್ಲಿ ವಿಶ್ರಾಂತಿ ಕೊಡಿ. ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯಿರಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮುಂಚೆ ಡಾಕ್ಟರನ್ನು ಕೇಳಿ, ತಾವಾಗಿಯೇ ನಿಲ್ಲಿಸಬೇಡಿ.

ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು ತಪಾಸಣೆ ಮಾಡಿಸಿಕೊಳ್ಳಿ. ನಲವತ್ತು ದಾಟಿದ ಚಾಲಕರು ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿ, ಇಸಿಜಿ ಬೇಕೇ ಎಂದು ಡಾಕ್ಟರನ್ನು ಕೇಳಿ.

*ಎದೆ ಒತ್ತಿದಂತಾಗಿ ಬೆವರು, ಉಬ್ಬಸ, ಎಡಗೈ ಅಥವಾ ದವಡೆ ನೋವು ಬಂದರೆ* ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿ ತೆಗೆದು 108ಕ್ಕೆ ಫೋನ್ ಮಾಡಿ. ಪ್ರಜ್ಞೆ ತಪ್ಪಿ ಉಸಿರು ನಿಂತರೆ ಜೊತೆಯವರು ಎದೆಯ ನಡುವೆ ಎರಡೂ ಕೈಯಿಂದ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಆಂಬುಲೆನ್ಸ್ ಬರುವ ತನಕ ಬಿಡಬೇಡಿ.

ಅಕ್ಕಂದಿರೇ, ತಾಯಂದಿರೇ, ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರನ್ನು ಒಂದು ಮಾತು ಕೇಳಿ: "ನಿಮ್ಮ ಸೈಟಿನಲ್ಲಿ ಗಾಡಿ ರಿವರ್ಸ್ ಬರುವಾಗ ಸಿಗ್ನಲ್ ಕೊಡೋರು ಯಾರು?" ಉತ್ತರ ಬರದಿದ್ದರೆ, ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ.

ಸೈಟಿನಲ್ಲಿ ದುಡಿಯುವ ನಮ್ಮವರಿಗೆಲ್ಲ ಇದನ್ನು ಕಳಿಸಿ. 🙏