ಪ್ರಯೋಗದ ಚಿತ್ರಕ್ಕೆ ಯಾವ ತಂತ್ರಾಂಶ?

ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಎರಡು ಬಗೆ. ಗಿಂಪ್‌ನಂಥವು ಚಿತ್ರವನ್ನು ಬಣ್ಣದ ಚುಕ್ಕೆಗಳಾಗಿ ಉಳಿಸುತ್ತವೆ. ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಇಂಕ್‌ಸ್ಕೇಪ್‌ನಂಥವು ರೇಖೆಗಳ ಗಣಿತವನ್ನೇ ಉಳಿಸುತ್ತವೆ. ಇದು ವೆಕ್ಟರ್ ಚಿತ್ರ. ಪುಟದ ಮೂಲೆಯಲ್ಲಿ ಅಚ್ಚಾದರೂ ಗೋಡೆಯ ಮೇಲೆ ತೂಗುಹಾಕಿದರೂ ಇದರ ಗೆರೆ ಮಸುಕಾಗದು. ಫೋಟೊ ತಿದ್ದಲು ಗಿಂಪ್ ಸಾಕು. ಬೀಕರ್, ಪ್ರನಾಳ, ಮಸೂರಗಳ ರೇಖಾಚಿತ್ರಕ್ಕೆ ವೆಕ್ಟರ್ ತಂತ್ರಾಂಶವೇ ಸರಿ.

ಇವುಗಳಲ್ಲಿ ಮೊದಲು ಹೇಳಬೇಕಾದ ಹೆಸರು ಇಂಕ್‌ಸ್ಕೇಪ್. ಸೋಡಿಪೋಡಿ ಎಂಬ ತಂತ್ರಾಂಶದಿಂದ 2003ರಲ್ಲಿ ಕವಲೊಡೆದ ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಚಿತ್ರವನ್ನು ಉಳಿಸುವುದು ಎಸ್‌ವಿಜಿ ರೂಪದಲ್ಲಿ. 2001ರಲ್ಲಿ ವೆಬ್‌ನ ಮಾನಕವಾದ ಈ ರೂಪವನ್ನು ಬ್ರೌಸರ್‌ಗಳೂ ತೆರೆಯುತ್ತವೆ.

ಸತು ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಿಂದ ಹೈಡ್ರೋಜನ್ ತಯಾರಿಸುವ ಚಿತ್ರವನ್ನೇ ತೆಗೆದುಕೊಳ್ಳಬಹುದು. ಫ್ಲಾಸ್ಕಿನ ಅರ್ಧ ಅಂಚನ್ನಷ್ಟೇ ಪೆನ್ ಸಾಧನದಿಂದ ಎಳೆದು, ಅದರ ಪ್ರತಿ ಮಾಡಿ, ಎಚ್ ಕೀಲಿಯಿಂದ ಎಡಬಲ ತಿರುಗಿಸಿ ಜೋಡಿಸಿದರೆ ಎರಡೂ ಬದಿ ಸರಿಸಮ. ಗಾಜು, ದ್ರವ, ಕೊಳವೆ, ಹೆಸರುಗಳನ್ನು ಬೇರೆ ಬೇರೆ ಪದರಗಳಲ್ಲಿ ಇಡುವುದು ಒಳ್ಳೆಯದು. ಚಿತ್ರದಲ್ಲಿ ಆಮ್ಲ ಸುರಿಯುವ ಆಲಿಕೆಯ ತುದಿ ಆಮ್ಲದಲ್ಲಿ ಮುಳುಗಿರಬೇಕು, ಇಲ್ಲವಾದರೆ ಅನಿಲ ಅದರಿಂದಲೇ ಹೊರಬೀಳುತ್ತದೆ. ಅನಿಲ ಸಾಗಿಸುವ ಕೊಳವೆಯ ತುದಿ ದ್ರವಕ್ಕಿಂತ ಮೇಲಿರಬೇಕು. ಇದರಲ್ಲಿ ತಪ್ಪಾದರೆ ಚಿತ್ರ ಎಷ್ಟು ಅಂದವಾಗಿದ್ದರೂ ಪ್ರಯೋಗವೇ ತಪ್ಪು. ಪದರಗಳಿದ್ದರೆ ಕೊಳವೆಯೊಂದನ್ನೇ ಸರಿಸಿ ತಿದ್ದಬಹುದು.

ಪೆನ್ ಸಾಧನ ಕೈಗೆ ಹತ್ತಲು ಸ್ವಲ್ಪ ಕಾಲ ಬೇಕು. ಅಷ್ಟು ಬಿಡುವಿಲ್ಲದ ಶಿಕ್ಷಕರಿಗೆ ಲಿಬ್ರೆಆಫೀಸ್ ಡ್ರಾ ಹಗುರ. ಚೌಕ, ವೃತ್ತ, ಬಾಣಗಳಿಂದಾಗುವ ಚಿತ್ರಗಳಿಗೆ ಅದು ಧಾರಾಳ. ಅಣುರಚನೆಗೆ ಬಿಕೆಕೆಮ್ ಇದೆ.

ಉಚಿತವಾದುದೆಲ್ಲ ಮುಕ್ತವಲ್ಲ ಎಂಬುದನ್ನೂ ಗಮನಿಸಬೇಕು. ಅಣುರಚನೆ ಬರೆಯುವ ಇನ್ನೊಂದು ತಂತ್ರಾಂಶವಾದ ಕೆಮ್‌ಸ್ಕೆಚ್ ಶೈಕ್ಷಣಿಕ ಬಳಕೆಗೆ ಉಚಿತ, ಆದರೆ ಅದರ ಮೂಲಸಂಕೇತ ಮುಕ್ತವಲ್ಲ. ಮುಕ್ತವಾದ ಇಂಕ್‌ಸ್ಕೇಪನ್ನು ಶಾಲೆಯ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಬಹುದು, ಮಕ್ಕಳಿಗೂ ಹಂಚಬಹುದು. ಪಠ್ಯ ಸಿದ್ಧಪಡಿಸುವವರಿಗೆ ಈ ಸ್ವಾತಂತ್ರ್ಯ ಬಲು ದೊಡ್ಡದು.

ಭಾಗಗಳ ಹೆಸರನ್ನು ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರವನ್ನೇ ಬಳಸಬೇಕು. ಹಳೆಯ ಯೂನಿಕೋಡೇತರ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಮುದ್ರಣಕ್ಕೆ ಕಳಿಸುವಾಗ ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿದರೆ ಒತ್ತಕ್ಷರ ಚೆದುರುವ ಭಯವಿಲ್ಲ. ಹಾಗೆ ಬದಲಿಸಿದ ಮೇಲೆ ಕಾಗುಣಿತ ತಿದ್ದಲಾಗದು. ಆದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಂಡಿರಬೇಕು.