ಯಾರಿಗೆ, ಎಲ್ಲಿ, ಯಾವಾಗ: ಕಾಯಿಲೆಯ ಜಾಡು ಹಿಡಿಯುವ ಶಾಸ್ತ್ರ

ಕಾಯಿಲೆ ಊರಿನ ಎಲ್ಲರನ್ನೂ ಒಂದೇ ಸಮನೆ ಹಿಡಿಯುವುದಿಲ್ಲ. ಒಂದು ಕೇರಿಯಲ್ಲಿ ಮನೆಮನೆಗೂ ಜ್ವರ, ಪಕ್ಕದ ಕೇರಿಯಲ್ಲಿ ಅದರ ಸುಳಿವೇ ಇಲ್ಲ. ಬೇಸಿಗೆಯಲ್ಲಿ ಏರಿದ್ದು ಮಳೆ ಬಿದ್ದೊಡನೆ ಇಳಿಯುತ್ತದೆ. ಈ ಏರುಪೇರನ್ನು ಎಣಿಸಿ, ಹೋಲಿಸಿ, ಅದರ ಹಿಂದಿನ ಕಾರಣವನ್ನು ಹುಡುಕುವ ಶಾಸ್ತ್ರ ಎಪಿಡೆಮಿಯಾಲಜಿ. ವೈದ್ಯರು ಮುಂದೆ ಮಲಗಿದ ರೋಗಿಯನ್ನು ಪರೀಕ್ಷಿಸುತ್ತಾರೆ. ಈ ಶಾಸ್ತ್ರಕ್ಕೆ ಕಾಯಿಲೆ ಬೀಳದೆ ಉಳಿದವರೂ ಅಷ್ಟೇ ಮುಖ್ಯ.

ಅದು ಕೆಲಸ ಮಾಡುವ ಬಗೆ ತಿಳಿಯಲು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಜನ ಜೋರು ಜ್ವರ, ತಲೆನೋವು, ತಡೆಯಲಾಗದ ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ರಕ್ತಸ್ರಾವವೂ ಆಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದಾಗ ಮೊದಲು ಎದ್ದ ಅನುಮಾನ ಹಳದಿ ಜ್ವರದ್ದು. ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಏಷ್ಯಾಕ್ಕೆ ಅದುವರೆಗೆ ಕಾಲಿಟ್ಟಿರಲಿಲ್ಲ. ಅದೇ ಆಗಿದ್ದರೆ ಇಡೀ ದೇಶಕ್ಕೆ ಗಂಡಾಂತರ.

ಇಂಥ ತನಿಖೆಯ ಮೊದಲ ಹೆಜ್ಜೆ ಯಾರನ್ನು ರೋಗಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಖಚಿತಪಡಿಸುವುದು. ಜ್ವರ ಬಂದ ಎಲ್ಲರನ್ನೂ ಸೇರಿಸಿದರೆ ಮಲೇರಿಯಾ, ಟೈಫಾಯ್ಡ್ ಕೂಡ ಅದರಲ್ಲಿ ಬೆರೆತು ಜಾಡು ತಪ್ಪುತ್ತದೆ. ಆಮೇಲೆ ಮೂರು ಪ್ರಶ್ನೆಗಳು: ಯಾರಿಗೆ, ಎಲ್ಲಿ, ಯಾವಾಗ? ಈ ಕಾಯಿಲೆ ಬಂದದ್ದು ಹೆಚ್ಚಾಗಿ ಸೌದೆ, ಸೊಪ್ಪು, ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ಬಂದ ಜಾಗ ಕಾಡಂಚಿನ ಹಳ್ಳಿಗಳು, ಅದರಲ್ಲೂ ಮಂಗ ಸತ್ತ ಕಾಡಿನ ಆಸುಪಾಸು. ಕಾಲ ಮಳೆ ನಿಂತ ಮೇಲಿನ ಒಣ ತಿಂಗಳುಗಳು. ರೋಗಿಯ ಆರೈಕೆ ಮಾಡಿದ ಮನೆಯವರಿಗೆ ಅದು ಅಂಟುತ್ತಿರಲಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡದ, ಕಾಡಿನಲ್ಲಿ ಕಾದು ಕುಳಿತ ಯಾವುದೋ ಜೀವಿಯತ್ತ ಇವೆಲ್ಲ ಬೆರಳು ತೋರಿದವು. ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ. ರಷ್ಯಾದಲ್ಲಿ ಉಣುಗು ಕಚ್ಚಿ ಬರುವ ಮಿದುಳುಜ್ವರದ ವೈರಸ್‌ನ ಸಂಬಂಧಿ. ಮರಿ ಉಣುಗುಗಳು ನೆಲದ ಮೇಲೆ ಹೆಚ್ಚುವ ಕಾಲಕ್ಕೂ ಜ್ವರ ಏರುವ ಕಾಲಕ್ಕೂ ತಾಳೆಯಾಯಿತು. ಮಲೆನಾಡು ಇದನ್ನು ಮಂಗನ ಕಾಯಿಲೆ ಎಂದು ಕರೆಯಿತು. ಆದರೆ ಮಂಗವೂ ಮನುಷ್ಯನಂತೆ ಅದರ ಬಲಿಯೇ.

ವೈರಸ್ಸೊಂದೇ ಇದ್ದರೆ ರೋಗ ಹರಡುವುದಿಲ್ಲ. ರೋಗಕಾರಕ, ಅದಕ್ಕೆ ಆಸರೆಯಾಗುವ ದೇಹ, ಇವೆರಡನ್ನೂ ಒಂದುಗೂಡಿಸುವ ಪರಿಸರ ಮೂರೂ ಕೂಡಬೇಕು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ಈ ಕಾಯಿಲೆ ದೊಡ್ಡದಾಗಿ ಸ್ಫೋಟಿಸಿ ಬಹಳ ಮಂದಿಯನ್ನು ಬಲಿ ತೆಗೆದುಕೊಂಡಿತು. ವೈರಸ್ ಹಳೆಯದೇ, ಬದಲಾದದ್ದು ಕಾಡು.

ಎಣಿಕೆ ಎಂದರೆ ರೋಗಿಗಳ ಸಂಖ್ಯೆ ಮಾತ್ರವಲ್ಲ. ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂಬುದು ತಿಳಿಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಪತ್ರಿಕೆ, ಟಿವಿಗಳಲ್ಲಿ ಬರುವ ರೋಗದ ಸುದ್ದಿಗಳು ಎಡವುವುದೂ ಬಹುಮಟ್ಟಿಗೆ ಇಲ್ಲೇ. ಲಂಡನ್ನಿನ ವೈದ್ಯ ಜಾನ್ ಸ್ನೋ 1854ರ ಕಾಲರಾ ಹಾವಳಿಯಲ್ಲಿ ಎರಡು ಕಂಪನಿಗಳ ನೀರು ಬಳಸುತ್ತಿದ್ದ ಮನೆಗಳನ್ನು ಹೋಲಿಸಿದ. ಥೇಮ್ಸ್ ನದಿಯ ಕೊಳಚೆ ಸೇರಿದ ಭಾಗದಿಂದ ನೀರೆತ್ತುತ್ತಿದ್ದ ಕಂಪನಿಯ ಪ್ರತಿ 10,000 ಮನೆಗಳಿಗೆ 315 ಸಾವು, ಕೊಳಚೆ ಸೇರುವ ಮೊದಲೇ ನೀರೆತ್ತುತ್ತಿದ್ದ ಕಂಪನಿಯ ಮನೆಗಳಲ್ಲಿ 37. ಕಾಲರಾ ಹುಟ್ಟಿಸುವ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಲು ಇನ್ನೂ ಸುಮಾರು ಮೂವತ್ತು ವರ್ಷ ಬಾಕಿ ಇತ್ತು. ಆದರೂ ನೀರೇ ಕಾರಣವೆಂದು ಬರಿಯ ಲೆಕ್ಕ ಹೇಳಿತು.

ಲೆಕ್ಕದಲ್ಲಿ ಎರಡು ಬಗೆಯನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಅವಧಿಯಲ್ಲಿ ಹೊಸದಾಗಿ ಎಷ್ಟು ಮಂದಿಗೆ ರೋಗ ಬಂತು ಎಂಬುದು ಒಂದು. ಈಗ ಒಟ್ಟು ಎಷ್ಟು ಮಂದಿಗೆ ಇದೆ ಎಂಬುದು ಇನ್ನೊಂದು. ಸಕ್ಕರೆ ಕಾಯಿಲೆಯವರು ಒಳ್ಳೆಯ ಚಿಕಿತ್ಸೆಯಿಂದ ಹೆಚ್ಚು ಕಾಲ ಬಾಳಿದರೆ ಎರಡನೆಯ ಸಂಖ್ಯೆ ಏರುತ್ತದೆ, ಅದು ಕೆಟ್ಟ ಸುದ್ದಿಯಲ್ಲ.

ಕಾರಣದ ಬಗ್ಗೆ ಅನುಮಾನ ಹುಟ್ಟಿದ ಮೇಲೆ ಅದನ್ನು ಒರೆಗೆ ಹಚ್ಚಬೇಕು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನೂ ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದವರನ್ನೂ ಹೋಲಿಸಿ, ಹಿಂದೆ ಎಷ್ಟು ಸಿಗರೇಟು ಸೇದಿದ್ದರೆಂದು ವಿಚಾರಿಸಿದರು. ರೋಗದಿಂದ ಕಾರಣದ ಕಡೆಗೆ ಹಿಂದಕ್ಕೆ ನಡೆಯುವ ಈ ವಿಧಾನ ಬೇಗ ಮುಗಿಯುತ್ತದೆ, ಆದರೆ ನೆನಪನ್ನು ನಂಬಬೇಕಾಗುತ್ತದೆ. 1951ರಲ್ಲಿ ಅವರು ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು, ಉತ್ತರಿಸಿದ ಸುಮಾರು 40,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸೇದುವವರು ಹೆಚ್ಚು ಸಂಖ್ಯೆಯಲ್ಲಿ ಸತ್ತರು. ಔಷಧ, ಲಸಿಕೆಗಳಾದರೆ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಕೊಟ್ಟು ನೋಡಬಹುದು. ಸಿಗರೇಟನ್ನು ಹಾಗೆ ಯಾರಿಗೂ ಸೇದಿಸಲಾಗದು.

ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡವರಲ್ಲಿ ರೋಗ ಕಡಿಮೆ ಎಂದು ಕಂಡರೆ, ಅವರು ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚುವುದರಲ್ಲೂ ಹೆಚ್ಚು ಎಚ್ಚರದವರೇ ಎಂದು ಕೇಳಬೇಕು. ಆ ಲಸಿಕೆಯ ರಕ್ಷಣೆ ಸಾಲದೆಂದು ಕಂಡು ಈಗ ಅದನ್ನು ಕೊಡುವುದು ನಿಂತಿದೆ. ಹಾಗಾಗಿ ಉಳಿದಿರುವುದು ಉಣುಗಿನಿಂದ ತಪ್ಪಿಸಿಕೊಳ್ಳುವ ದಾರಿ, ಜೊತೆಗೆ ಸದಾ ಕಣ್ಣಿಡುವ ಕೆಲಸ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರದ ವಿವರ ಬರೆದುಕೊಳ್ಳುವುದು ಈ ಶಾಸ್ತ್ರದ ತಳಪಾಯ. ಅಲ್ಲಿ ಒಂದು ಹೆಸರು ಬಿಟ್ಟುಹೋದರೆ ಮೇಲಿನ ಎಲ್ಲ ಲೆಕ್ಕವೂ ಅಷ್ಟರಮಟ್ಟಿಗೆ ತಪ್ಪು.

ಮಂಗ ಸತ್ತ ಸುದ್ದಿಯೂ ಆ ಲೆಕ್ಕಕ್ಕೆ ಸೇರುತ್ತದೆ, ಮನುಷ್ಯರಿಗೆ ಜ್ವರ ಬರುವ ಮೊದಲೇ ಅದು ಎಚ್ಚರಿಸಬಲ್ಲದು. ಕಾಡಂಚಿನಲ್ಲಿ ಸತ್ತ ಮಂಗ ಕಂಡವರು ಹತ್ತಿರ ಹೋಗದೆ, ಮುಟ್ಟದೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.